ಅತ್ತೆಯ ಗಾಡಿಯ ಸೋರಿಕೆ

ಅತ್ತೆಯ ಗಾಡಿಗೆ ಬೇರೆ ಡೈನಮೊ ಹಾಕಿದ್ದಾರೆ ಎಂಬ ಸುದ್ದಿ ದೊಡ್ಡಳಿಯನಿಗೆ ತಿಳಿದದ್ದು ಹೆಂಡತಿ ಬಟ್ಟೆ ಮಡಿಸುತ್ತ ಆಡಿದ ಮಾತಿನ ನಡುವೆ. ಹಾಕಿದವನು ಸಣ್ಣಳಿಯ ಎಂಬುದನ್ನು ಆಕೆ ಮುಂದಿನ ಅಂಗಿಯ ಕಾಲರು ಸರಿಪಡಿಸಿದ ಮೇಲೆ ಹೇಳಿದಳು.

“ಯಾಕೆ, ನಾನು ಸತ್ತಿದ್ನಾ?” ಎಂದ ದೊಡ್ಡಳಿಯ.

“ನೀವು ಅಂಗಡೀಲಿ ಇದ್ರಿ. ಅವನು ಅಮ್ಮನ ಮನೇಲಿದ್ದ. ಗಾಡಿ ಅಲ್ಲೇ ಕೆಡ್ತು, ಅವನೇ ಸರಿ ಮಾಡ್ದ. ಇದ್ರಲ್ಲಿ ಸಾಯೋ ಮಾತೇನು ಬಂತು?”

ಇಬ್ಬರು ಅಳಿಯಂದಿರದೂ ಒಂದೇ ಕಸುಬು: ವಾಹನಗಳ ವಿದ್ಯುತ್ ಕೆಲಸ. ದೊಡ್ಡಳಿಯನಿಗೆ ರಸ್ತೆಯ ತಿರುವಿನಲ್ಲಿ ಸ್ವಂತ ಅಂಗಡಿ. ಸಣ್ಣಳಿಯ ಆಸ್ಪತ್ರೆಯ ಆಂಬುಲೆನ್ಸುಗಳ ಶೆಡ್ಡಿನಲ್ಲಿ ನೌಕರ. ದೊಡ್ಡಳಿಯ ಕೆಲಸ ಮಾಡುವಾಗ ಮಾತಾಡುವುದಿಲ್ಲ. ಸಣ್ಣಳಿಯ ಮಾತಾಡಿ ಮುಗಿಸುವಷ್ಟರಲ್ಲಿ ಕೆಲಸವೂ ಮುಗಿದಿರುತ್ತದೆ. ಮದುವೆಯಾಗಿ ಮನೆಗೆ ಬಂದ ವರ್ಷದಿಂದಲೇ ಅತ್ತೆ ಸಣ್ಣಳಿಯನಿಗೆ ‘ಬಾರೋ, ಕೂತ್ಕೋ’ ಎನ್ನುತ್ತಿದ್ದಳು. ದೊಡ್ಡಳಿಯನಿಗೆ ಇಂದಿಗೂ ‘ಬನ್ನಿ, ಕೂತ್ಕೊಳ್ಳಿ’ಯೇ. ಮರ್ಯಾದೆ ಎಂದು ಮೊದಲು ತಿಳಿದಿದ್ದದ್ದು ದೂರ ಎಂದು ಅವನಿಗೆ ಅರ್ಥವಾದದ್ದು ಸಣ್ಣಳಿಯ ಬಂದ ಮೇಲೆ. ಆದರೂ ಒಂದು ಸಮಾಧಾನ ಉಳಿದಿತ್ತು. ಅತ್ತೆಯ ಗಾಡಿಯನ್ನು ಮುಟ್ಟುವ ಕೈ ತನ್ನದೊಂದೇ. ಈಗ ಅದೂ ಇಲ್ಲವಾಯಿತು.

ಅತ್ತೆ ಹೆರಿಗೆ ಮಾಡಿಸುವ ನರ್ಸು. ತಲೆ ಪೂರ್ತಿ ಬೆಳ್ಳಗಾದ ಮೇಲೂ ಕರೆ ಬಂದ ಕಡೆಗೆ ತಾನೇ ಗಾಡಿ ಓಡಿಸಿಕೊಂಡು ಹೋಗುತ್ತಾಳೆ. ಆ ಗಾಡಿ ನಿಂತರೆ ತೊಂದರೆ ಆಕೆಗಲ್ಲ, ಗುಡ್ಡದಾಚೆ ಯಾವುದೋ ಕೋಣೆಯಲ್ಲಿ ಮಂಚದ ಅಂಚು ಹಿಡಿದು ಕಾಯುತ್ತಿರುವವಳಿಗೆ.

ವಾರ ಕಳೆಯುವುದರೊಳಗೆ, ಭಾನುವಾರ ಬೆಳಿಗ್ಗೆ, ಅತ್ತೆಯ ಫೋನು ಬಂತು.

“ಗಾಡಿ ಸತ್ತು ಮಲಗಿದೆ ಅಳಿಯಂದ್ರೇ. ಕೀ ತಿರುಗಿಸಿದ್ರೆ ಟಕ್ ಅಂತಾನೂ ಅನ್ನಲ್ಲ. ಪಕ್ಕದ ಮನೆಯವರನ್ನ ಎಬ್ಬಿಸಿ ಅವರ ಗಾಡೀಲಿ ಹೋದೆ. ಮಗು ನನಗಿಂತ ಮುಂಚೆ ಬಂದು ಅಳ್ತಾ ಇತ್ತು.”

“ಬ್ಯಾಟರಿ ಇಳಿದಿದೆ. ಹೊಸ ಡೈನಮೊ ಹಾಕಿಸಿದ್ರಂತಲ್ಲ?”

“ಅದನ್ನ ಆಮೇಲೆ ಆಡ್ಕೊಳ್ಳಿ. ಮಧ್ಯಾಹ್ನದೊಳಗೆ ಗುಡ್ಡದ ಮನೆಯಿಂದ ಕರೆ ಬರ್ಬಹುದು. ಚೊಚ್ಚಲು, ಹುಡುಗಿ ಹೆದರಿದ್ದಾಳೆ. ಬರ್ತೀರೋ ಇಲ್ವೋ?”

ದೊಡ್ಡಳಿಯ ಚೀಲಕ್ಕೆ ಮೀಟರು, ಟೆಸ್ಟ್ ಲ್ಯಾಂಪು ಹಾಕಿಕೊಂಡು, ತುಂಬಿದ ಬ್ಯಾಟರಿಯೊಂದನ್ನು ವ್ಯಾನಿಗೆ ಏರಿಸಿದ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಅಮ್ಮನ ಗಾಡಿ ಕೆಟ್ರೆ ಹಿಂಗೆ ಮುಖ ಅರಳೋದು ನಿಮಗೊಬ್ರಿಗೇ.”

ಅವನು ಕನ್ನಡಿ ಸರಿಪಡಿಸುವ ನೆಪದಲ್ಲಿ ತನ್ನ ಮುಖ ನೋಡಿಕೊಂಡ. ಆಕೆಯ ಮಾತು ತಪ್ಪಾಗಿರಲಿಲ್ಲ.

ಅತ್ತೆಯ ಮನೆಯ ಮುಂದೆ ಗಾಡಿಯ ಬಾನೆಟ್ಟು ಆಗಲೇ ತೆರೆದಿತ್ತು. ಸಣ್ಣಳಿಯ ಮುಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತಿದ್ದವನು ಎದ್ದು ಕೈ ಒರೆಸಿಕೊಂಡ.

“ಬಂದ್ರಪ್ಪಾ ದೊಡ್ಡ ಡಾಕ್ಟ್ರು! ನಾನು ಕಾಂಪೌಂಡರು ಅಣ್ಣ. ಹೇಳಿದ್ದು ಮಾಡ್ಕೊಂಡು ಪಕ್ಕದಲ್ಲಿರ್ತೀನಿ.”

“ಇರು. ಬೆಳಕಿಗೆ ಅಡ್ಡ ಬರಬೇಡ.”

ಅತ್ತೆ ಜಗಲಿಯ ಮೇಲೆ ತನ್ನ ಕಪ್ಪು ಚೀಲಕ್ಕೆ ಕತ್ತರಿ, ಹತ್ತಿ, ಕೈಗವಸು ಜೋಡಿಸುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು: “ಇಬ್ರೂ ಕೇಳಿಸ್ಕೊಳ್ಳಿ. ಒಂದು ಗಾಡಿಗೆ ಇಬ್ರು ಯಜಮಾನ್ರು ಬೇಡ. ಇವತ್ತು ಯಾರು ರೋಗ ಹಿಡೀತಾರೋ, ಇನ್ನೊಂದು ಕೀ ಅವರ ಹತ್ರಾನೇ. ಇನ್ನೊಬ್ರು ಹಬ್ಬಕ್ಕೆ ಬಂದ ನೆಂಟರ ಹಾಗೆ ಬಂದು ಹೋಗ್ಲಿ.”

ಸಣ್ಣಳಿಯ ನಕ್ಕ. ದೊಡ್ಡಳಿಯ ನಗಲಿಲ್ಲ.

ಅವನು ತಾನು ತಂದ ಬ್ಯಾಟರಿ ಕೂರಿಸಿ ಎಂಜಿನ್ ಎಬ್ಬಿಸಿದ. ಬ್ಯಾಟರಿಗೆ ಮೀಟರು ಹಿಡಿದು ನೋಡಿದ. ಡೈನಮೊ ಎಂದರೆ ಎಂಜಿನ್ ತಿರುಗುವಾಗ ಬ್ಯಾಟರಿಗೆ ಚಾರ್ಜು ತುಂಬುವ ಯಂತ್ರ. ಸಣ್ಣಳಿಯ ಬಿಚ್ಚಿ, ಒಳಗೆ ಹೊಸ ಡಯೋಡು ಹಾಕಿ ಕಟ್ಟಿದ ಆ ಯಂತ್ರ ತುಂಬಬೇಕಾದಷ್ಟನ್ನು ಸರಿಯಾಗಿಯೇ ತುಂಬುತ್ತಿತ್ತು. ದೊಡ್ಡಳಿಯನಿಗೆ ಅದು ಹಿಡಿಸಲಿಲ್ಲ. ಎಂಜಿನ್ ನಿಲ್ಲಿಸಿದ. ಓಡುವಾಗ ತುಂಬಿ, ನಿಂತಾಗ ಬರಿದಾಗುವುದಾದರೆ ಎಲ್ಲೋ ಸೋರಿಕೆ ಇದೆ ಎಂದರ್ಥ.

ಸೋರಿಕೆ ಹಿಡಿಯುವುದು ಕಳೆಯುವ ಲೆಕ್ಕ. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ತಂತಿಗೂ ಬ್ಯಾಟರಿಗೂ ನಡುವೆ ಟೆಸ್ಟ್ ಲ್ಯಾಂಪು ಸಿಕ್ಕಿಸಬೇಕು. ಗಾಡಿಯಲ್ಲಿ ಎಲ್ಲವೂ ಆರಿದ್ದು, ಬಾಗಿಲುಗಳು ಮುಚ್ಚಿದ್ದರೆ ಆ ದೀಪ ಉರಿಯಕೂಡದು. ಉರಿದರೆ ಕರೆಂಟು ಯಾವುದೋ ದಾರಿಯಲ್ಲಿ ಹೋಗುತ್ತಿದೆ. ಒಂದೊಂದೇ ದಾರಿಯನ್ನು ಕಳೆಯುತ್ತ ಹೋದರೆ, ಯಾವುದನ್ನು ಕಳೆದಾಗ ದೀಪ ಆರುವುದೋ ರೋಗ ಅಲ್ಲಿದೆ. ಈ ಲೆಕ್ಕಕ್ಕೆ ಒಂದು ತಾಳೆಯೂ ಉಂಟು: ಕಳೆದದ್ದನ್ನು ಮತ್ತೆ ಕೂಡಿಸಬೇಕು, ದೀಪ ಮತ್ತೆ ಉರಿಯಬೇಕು. ಅಂಗಡಿಗೆ ಕೆಲಸ ಕಲಿಯಲು ಬಂದವರಿಗೆ ದೊಡ್ಡಳಿಯ ಮೊದಲು ಹೇಳುತ್ತಿದ್ದ ಮಾತೇ ಅದು.

ದೀಪ ಉರಿಯಿತು.

“ಒಳಗಿನ ಲೈಟು ಆರಿದೆಯಾ ನೋಡು.”

“ಆರಿದೆ ಅಣ್ಣ. ಡಿಕ್ಕಿದೂ ನೋಡ್ದೆ.”

ಫ್ಯೂಸುಗಳನ್ನು ಒಂದೊಂದಾಗಿ ಕೀಳಿಸಿದ. ದೀಪ ಕದಲಲಿಲ್ಲ. ಫ್ಯೂಸಿನ ಮೂಲಕ ಹೋಗದೆ ಬ್ಯಾಟರಿಯಿಂದ ನೇರ ಹೋಗುವ ದಪ್ಪ ತಂತಿಗಳು ಎರಡೇ. ಒಂದು ಎಂಜಿನ್ ಎಬ್ಬಿಸುವ ಸೆಲ್ಫಿನದು, ಅದನ್ನು ಬಿಚ್ಚಿದ. ದೀಪ ಉರಿಯುತ್ತಲೇ ಇತ್ತು. ಉಳಿದದ್ದು ಡೈನಮೊದ್ದು. ಅವನ ಕೈ ಬೆಚ್ಚಗಾಯಿತು. ಇಷ್ಟು ಆಸೆಯಿಂದ ಅವನು ಯಾವ ನಟ್ಟನ್ನೂ ಬಿಚ್ಚಿರಲಿಲ್ಲ. ಸ್ಪ್ಯಾನರು ತಿರುಗಿಸಿ, ತಂತಿಯನ್ನು ಎಳೆದು, ಎಂಜಿನ್ನಿನ ಆಚೆಗೆ ಎತ್ತಿ ಹಿಡಿದ.

ದೀಪ ಆರಿತು.

ಅವನು ಮತ್ತೆ ಕೂಡಿಸಿ ನೋಡಲಿಲ್ಲ. ಬೇಕಾದ ಉತ್ತರ ಬಂದಿತ್ತು.

“ಡೈನಮೊ ಒಳಗೇ ಶಾರ್ಟು,” ಎಂದು ಜಗಲಿಗೆ ಕೇಳುವಂತೆ ಹೇಳಿದ. “ಡಯೋಡು ಹೋಗಿದೆ. ರಾತ್ರಿಯೆಲ್ಲ ಬ್ಯಾಟರಿ ಕುಡಿದಿದೆ.”

ಸಣ್ಣಳಿಯನ ಮುಖದಿಂದ ನಗು ಇಳಿಯಿತು. “ಬೆಂಚಿನ ಮೇಲೆ ಇಟ್ಟು ಟೆಸ್ಟ್ ಮಾಡಿದ್ದೆ ಅಣ್ಣ. ಒಂದೊಂದೂ ನೋಡಿದ್ದೆ.”

“ನೋಡಿದ್ದು ಸಾಲಲಿಲ್ಲ ಅಂತ ದೀಪ ಹೇಳ್ತಿದೆ. ನನ್ನ ಮೇಲೆ ಯಾಕೆ ಸಿಟ್ಟು?”

“ಸಿಟ್ಟಲ್ಲ ಅಣ್ಣ. ನೀವು ಹೇಳಿದ ಮೇಲೆ ಮತ್ತೇನು.” ಅವನು ಅತ್ತೆಯ ಕಡೆ ತಿರುಗಿದ. “ತಪ್ಪಾಯ್ತು ಅತ್ತೆ. ನಿಮ್ಮನ್ನ ಪರದಾಡಿಸ್ದೆ. ಶೆಡ್ಡಲ್ಲಿ ಕಂಪನಿ ಡೈನಮೊ ಒಂದಿದೆ, ಈಗ್ಲೇ ತರ್ತೀನಿ.”

ಅವನ ಬೈಕು ಬೀದಿಯ ಕೊನೆ ತಿರುಗಿತು. ಅತ್ತೆ ಒಳಗೆ ಹೋಗಿ ಇನ್ನೊಂದು ಕೀಯನ್ನು ತಂದು ದೊಡ್ಡಳಿಯನ ಅಂಗೈಯಲ್ಲಿಟ್ಟಳು. “ನೀವೇ ಇಟ್ಕೊಳ್ಳಿ,” ಎಂದಳು. ಅಷ್ಟೇ. ಆ ದನಿಯಲ್ಲಿ ಗೆದ್ದವನ ಬಗ್ಗೆ ಸಂತೋಷಕ್ಕಿಂತ ಸೋತವನ ಬಗ್ಗೆ ಮರುಕವೇ ಹೆಚ್ಚಿತ್ತು. ಮರುಕವೂ ಅವನ ಪಾಲಿಗೇ ಹೋಯಿತಲ್ಲ ಎಂದು ದೊಡ್ಡಳಿಯನಿಗೆ ಉರಿಯಿತು.

ಬರೀ ಮಾತಿನ ಗೆಲುವು ಅವನಿಗೆ ಸಾಕಾಗಲಿಲ್ಲ. ಕೆಟ್ಟ ಡಯೋಡನ್ನು ಬೆರಳಲ್ಲಿ ಹಿಡಿದು, ಸಣ್ಣಳಿಯನ ಕಣ್ಣಿನ ಮಟ್ಟಕ್ಕೆ ಎತ್ತಿ ತೋರಿಸಬೇಕೆನಿಸಿತು. ಡೈನಮೊ ಇಳಿಸಿ, ಗೋಣಿಯ ಮೇಲಿಟ್ಟು, ಹಿಂಬದಿಯ ಮುಚ್ಚಳ ಬಿಚ್ಚಿದ. ಒಳಗಿನ ಕೆಲಸ ಅಚ್ಚುಕಟ್ಟಾಗಿತ್ತು. ಬೆಸುಗೆಯ ಒಂದು ಹನಿಯೂ ಅತ್ತಿತ್ತ ಹೋಗಿರಲಿಲ್ಲ. ಡಯೋಡಿನ ಗುಣ ಸರಳ: ಕರೆಂಟನ್ನು ಒಂದು ಕಡೆಗೆ ಬಿಡುತ್ತದೆ, ತಿರುಗಿ ಬರಗೊಡುವುದಿಲ್ಲ. ಎರಡೂ ಕಡೆ ಬಿಟ್ಟರೆ ಕೆಟ್ಟಿದೆ. ಮೀಟರಿನ ಮೊನೆ ಇಟ್ಟು ಒಂದೊಂದನ್ನೂ ನೋಡಿದ. ಎಲ್ಲವೂ ಒಂದೇ ಕಡೆಗೆ ಬಿಟ್ಟವು. ಮೀಟರನ್ನು ಸಂಶಯಿಸಿ ಮತ್ತೆ ನೋಡಿದ. ಡೈನಮೊ ನಿರ್ದೋಷಿಯಾಗಿತ್ತು.

ಆಗ ಅವನಿಗೆ ತಾನು ಬಿಟ್ಟ ತಾಳೆ ನೆನಪಾಯಿತು.

ಮೈನಸ್ಸಿಗೆ ಮತ್ತೆ ದೀಪ ಸಿಕ್ಕಿಸಿದ. ಡೈನಮೊದಿಂದ ಬಿಚ್ಚಿದ ತಂತಿ ಎಂಜಿನ್ನಿನ ಆಚೆಗೆ ಅವನೇ ಎತ್ತಿಟ್ಟಲ್ಲಿ ಬಿದ್ದಿತ್ತು, ದೀಪ ಆರಿತ್ತು. ತಂತಿಯ ತುದಿಯನ್ನು ಯಾವುದಕ್ಕೂ ತಾಗಿಸದೆ, ಅದರ ಮೈಯನ್ನು ಮಾತ್ರ ಮೊದಲಿದ್ದ ಜಾಗಕ್ಕೆ ಒರಗಿಸಿದ. ಡೈನಮೊ ಗೋಣಿಯ ಮೇಲೆ ಕೂತಿರುವಾಗಲೇ ದೀಪ ಉರಿಯಿತು. ಎತ್ತಿದ, ಆರಿತು. ಒರಗಿಸಿದ, ಉರಿಯಿತು. ಬ್ಯಾಟರಿಯ ತಟ್ಟೆಯನ್ನು ಹೊತ್ತ ಕಬ್ಬಿಣದ ಪಟ್ಟಿಯ ಅಂಚಿನಲ್ಲಿ ತಂತಿ ಸವೆದು, ತಾಮ್ರ ಎಳೆಯಷ್ಟು ಕಾಣುತ್ತಿತ್ತು. ನಡುವೆ ತುಕ್ಕೂ ಎಣ್ಣೆಯ ಮಸಿಯೂ ಇದ್ದುದರಿಂದ ಹೊಗೆಯಾಡದೆ ಬರೀ ಸೋರಿತ್ತು. ಅಂಚಿಗೆ ಹಾಕಿದ್ದ ರಬ್ಬರು ವಯಸ್ಸಾಗಿ ಉದುರಿಹೋಗಿತ್ತು. ಡೈನಮೊ ಬದಲಿಸುವಾಗ ತಂತಿ ಕೂದಲೆಳೆಯಷ್ಟು ಸರಿದಿರಬೇಕು; ಯಾರು ಬದಲಿಸಿದ್ದರೂ ಅಷ್ಟು ಸರಿಯುತ್ತಿತ್ತು. ಯಾರ ತಪ್ಪೂ ಅಲ್ಲ. ಯಾರ ತಪ್ಪೂ ಅಲ್ಲದ ರೋಗದಿಂದ ದೊಡ್ಡಳಿಯನಿಗೆ ಏನೂ ಲಾಭವಿರಲಿಲ್ಲ.

ಆ ದಿನದ ಲೆಕ್ಕದಲ್ಲಿ ಒಂದನ್ನು ಕಳೆದೆನೆಂದುಕೊಂಡು ಅವನು ಎರಡನ್ನು ಕಳೆದಿದ್ದ. ಡೈನಮೊವನ್ನೂ ಕಳೆದಿದ್ದ, ತಂತಿ ಒರಗಿದ ಜಾಗವನ್ನೂ ಕಳೆದಿದ್ದ. ಅಪರಾಧವನ್ನು ಮಾತ್ರ ಒಂದರ ಮೇಲೆ ಹೊರಿಸಿದ್ದ.

ಅವನು ಬೀದಿಯ ಕಡೆ ನೋಡಿದ. ಬೈಕು ಇನ್ನೂ ಬಂದಿರಲಿಲ್ಲ. ಅತ್ತೆ ಒಳಗಿದ್ದಳು. ತಂತಿಯನ್ನು ಸರಿಪಡಿಸಿಬಿಟ್ಟರೆ ಗಾಡಿ ಗುಣವಾಗುತ್ತದೆ, ಗುಡ್ಡದ ಮನೆಯವಳಿಗೆ ತೊಂದರೆಯಿಲ್ಲ. ಬರುವ ಡೈನಮೊ ಹಾಕಿದರೆ ಹೇಳಿದ ಮಾತೂ ಉಳಿಯುತ್ತದೆ. ಕೆಡುವುದು ಸಣ್ಣಳಿಯನ ಹೆಸರು ಮಾತ್ರ, ಅದೂ ಈ ಮನೆಯ ಅಂಗಳದಷ್ಟಗಲ. ಅಷ್ಟೂ ಕೆಡಬಾರದೆ?

ಸವೆದ ಭಾಗವನ್ನು ಉಜ್ಜಿ, ಟೇಪು ಸುತ್ತಿ, ಅದರ ಮೇಲೆ ದಪ್ಪ ರಬ್ಬರಿನ ಕೊಳವೆ ತೊಡಿಸಿ, ಪಟ್ಟಿಯಿಂದ ದೂರ ಎಳೆದು ಕಟ್ಟಿದ. ಕಟ್ಟಿನ ಬಾಲವನ್ನೂ ಕತ್ತರಿಸಿದ. ಡೈನಮೊದ ಮುಚ್ಚಳ ಮೊದಲಿನಂತೆ ಬಿಗಿದಿಟ್ಟ.

ಸಣ್ಣಳಿಯ ಬೆವರುತ್ತ ಬಂದ. ಗೋಣಿಯ ಮೇಲಿದ್ದ ತನ್ನ ಡೈನಮೊವನ್ನು ಕಣ್ಣೆತ್ತಿಯೂ ನೋಡಲಿಲ್ಲ. ಇಬ್ಬರೂ ಸೇರಿ ಹೊಸದನ್ನು ಕೂರಿಸಿದರು. ಬೋಲ್ಟು ಕೇಳುವ ಮೊದಲೇ ಬೋಲ್ಟು, ಸ್ಪ್ಯಾನರು ಕೇಳುವ ಮೊದಲೇ ಸರಿಯಾದ ಸ್ಪ್ಯಾನರು ದೊಡ್ಡಳಿಯನ ಕೈಗೆ ಬರುತ್ತಿತ್ತು. ಎಲ್ಲ ಕೂಡಿಸಿ ದೀಪ ಸಿಕ್ಕಿಸಿದರೆ ಅದು ಉರಿಯಲಿಲ್ಲ.

“ಸೋರಿಕೆ ನಿಂತೇಹೋಯ್ತು!” ಎಂದ ಸಣ್ಣಳಿಯ. “ನಿಮ್ಮ ಕಣ್ಣೇ ಕಣ್ಣು ಅಣ್ಣ. ನಾನಾಗಿದ್ರೆ ಹೊಸ ಡೈನಮೊ ಅಂತ ಅದರ ತಂಟೆಗೇ ಹೋಗ್ತಿರಲಿಲ್ಲ.”

ಹೊಗಳಿಕೆ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಸಣ್ಣಳಿಯ ಜೇಬಿನಿಂದ ಫೋನು ತೆಗೆದು ಬೆರಳಾಡಿಸತೊಡಗಿದ.

“ಯಾರಿಗೆ?”

“ನಮ್ಮ ಮೇಸ್ತ್ರಿಗೆ. ಒಂದೇ ಡಬ್ಬಿ ಡಯೋಡು ಅಣ್ಣ. ಅದೇ ಡಬ್ಬಿದು ಇನ್ನೂ ಎರಡು ಆಂಬುಲೆನ್ಸಿಗೆ ಹಾಕಿದೀನಿ. ಒಂದು ಈಗ್ಲೂ ರಸ್ತೆ ಮೇಲಿದೆ. ಇಲ್ಲಿ ಕೆಟ್ಟಿದ್ದು ಅಲ್ಲಿ ಕೆಡಲ್ಲ ಅಂತ ಏನು ಗ್ಯಾರಂಟಿ? ಎರಡನ್ನೂ ವಾಪಸ್ ಕರೆಸ್ಬೇಕು.”

“ಮೇಸ್ತ್ರಿ ಏನಂತಾನೆ?”

“ಏನಂತಾನೆ? ಹೊರಗಿನ ಡಯೋಡು ಹಾಕ್ಬೇಡ ಅಂದಿದ್ದ, ನಾನೇ ಹಟ ಹಿಡಿದು ಹಾಕಿದ್ದೆ. ಕುತ್ತಿಗೆ ಹಿಡಿದು ಆಚೆ ಹಾಕ್ತಾನೆ.” ಅವನು ನಗಲು ನೋಡಿದ. “ಹಾಕ್ಲಿ ಬಿಡಿ. ಒಳಗೆ ಮಲಗಿದೋರು ದಾರೀಲಿ ಸತ್ರೆ ಅದಕ್ಕಿಂತ ಕೆಟ್ಟದ್ದು ತಾನೆ?”

ದೊಡ್ಡಳಿಯ ಅಲ್ಲಿಯವರೆಗೆ ಅಂಗಳದ ಅಗಲವನ್ನು ಮಾತ್ರ ಅಳೆದಿದ್ದ. ಆಂಬುಲೆನ್ಸುಗಳು, ಅವುಗಳಿಗಾಗಿ ಕಾಯುವವರು, ಮೇಸ್ತ್ರಿಯ ಬಾಯಿ, ಇವನ ನೌಕರಿ, ಯಾವುದೂ ಲೆಕ್ಕಕ್ಕೆ ಬಂದಿರಲಿಲ್ಲ. ಆದರೆ ಆ ಕ್ಷಣದಲ್ಲೂ ಅವನನ್ನು ಮೊದಲು ಚುಚ್ಚಿದ್ದು ಅವು ಯಾವುವೂ ಅಲ್ಲ. ತಪ್ಪನ್ನು, ಅದೂ ತಾನು ಮಾಡದ ತಪ್ಪನ್ನು, ಇವನು ಎಷ್ಟು ಸಲೀಸಾಗಿ ಮೈಮೇಲೆ ಎಳೆದುಕೊಳ್ಳುತ್ತಾನೆ! ಇದನ್ನೂ ಇವನೇ ಚೆನ್ನಾಗಿ ಮಾಡಬೇಕೆ?

ಅತ್ತ ಫೋನು ಎತ್ತಿದ ಸದ್ದಾಯಿತು. “ಹಲೋ, ಮೇಸ್ತ್ರಿ...”

“ಇಡು,” ಎಂದ ದೊಡ್ಡಳಿಯ.

“ಒಂದ್ನಿಮಿಷ ಅಣ್ಣ...”

“ಫೋನ್ ಇಡು ಅಂದೆ! ನಿನ್ನ ಡೈನಮೊ ಸರಿಯಾಗಿದೆ.”

ಸಣ್ಣಳಿಯ ಫೋನನ್ನು ಎದೆಗೆ ಒತ್ತಿಕೊಂಡು ನಿಂತ. ಅತ್ತೆ ಬಾಗಿಲಿಗೆ ಬಂದಿದ್ದಳು.

“ಬಿಚ್ಚಿ ನೋಡಿದೆ. ಡಯೋಡು ಒಂದೂ ಕೆಟ್ಟಿಲ್ಲ. ತಂತಿ ಸವೆದು ಪಟ್ಟಿಗೆ ತಾಗ್ತಿತ್ತು. ನಾನು ಎತ್ತಿ ಹಿಡಿದಿದ್ದಕ್ಕೆ ದೀಪ ಆರಿದ್ದು.” ದೊಡ್ಡಳಿಯ ಇದನ್ನೆಲ್ಲ ಬಾನೆಟ್ಟಿನ ಒಳಗೆ ನೋಡುತ್ತ ಹೇಳಿದ. “ತಂತಿ ಸರಿ ಮಾಡಿದೀನಿ.”

ಸಣ್ಣಳಿಯ ಫೋನು ಕಿವಿಗಿಟ್ಟು, “ಏನಿಲ್ಲ ಮೇಸ್ತ್ರಿ, ಕೈ ತಾಗಿ ಹೋಯ್ತು,” ಎಂದು ಕತ್ತರಿಸಿದ.

“ಯಾವಾಗ ಗೊತ್ತಾಯ್ತು?” ಎಂದು ಕೇಳಿದಳು ಅತ್ತೆ.

“ಇವನು ಶೆಡ್ಡಿಗೆ ಹೋಗಿದ್ದಾಗ.”

“ಅವನು ಬಂದ. ಇಬ್ರೂ ಸೇರಿ ಹೊಸದು ಹಾಕಿದ್ರಿ. ಆಗ ಬಾಯಲ್ಲಿ ಏನಿತ್ತು?”

ದೊಡ್ಡಳಿಯ ಬಾನೆಟ್ಟಿನೊಳಕ್ಕೆ ಇನ್ನಷ್ಟು ಬಗ್ಗಿದ. ಎಲ್ಲಿಯೋ ಒಂದು ನಟ್ಟು ಸಡಿಲಾಗಿದೆಯೇನೋ ಎಂಬಂತೆ ಬೆರಳಲ್ಲಿ ತಡವುತ್ತಿದ್ದ. ಅತ್ತೆ ಮೆಟ್ಟಿಲಿಳಿದು ಬಂದು ಕೈ ಚಾಚಿದಳು. ಅವನು ಜೇಬಿನಿಂದ ಕೀ ತೆಗೆದು ಕೊಟ್ಟ. ಅದನ್ನು ಆಕೆ ಪಕ್ಕದಲ್ಲಿದ್ದವನ ಕಡೆಗೆ ಹಿಡಿದಳು.

“ಬೇಡ ಅತ್ತೆ,” ಎಂದ ಸಣ್ಣಳಿಯ. “ರೋಗ ಹಿಡಿದಿದ್ದು ಅಣ್ಣಾನೇ ತಾನೆ?”

“ಹಿಡಿದು ಬಚ್ಚಿಟ್ಟಿದ್ದೂ ಅವರೇ. ಬಸುರಿ ಹೊಟ್ಟೆ ಮುಟ್ಟಿ ನೋಡಿ, ಕಂಡಿದ್ದನ್ನ ನಾನು ಹೇಳದೆ ಇದ್ರೆ ನನ್ನನ್ನ ಯಾರಾದ್ರೂ ಮನೆಯೊಳಗೆ ಸೇರಿಸ್ತಾರಾ? ಹಿಡ್ಕೋ.”

ಸಣ್ಣಳಿಯ ಹಿಡಿದುಕೊಂಡ.

ಅಷ್ಟರಲ್ಲಿ ಒಳಗೆ ಆಕೆಯ ಫೋನು ಕೂಗಿತು. ಆಕೆ ಹೋಗಿ ಮಾತಾಡಿ, ಕಪ್ಪು ಚೀಲ ಹೆಗಲಿಗೇರಿಸಿಕೊಂಡೇ ಬಂದಳು. ಗುಡ್ಡದ ಮನೆಯವಳಿಗೆ ನೋವು ಶುರುವಾಗಿತ್ತು.

“ಈ ಗಾಡಿ ನಂಬಿ ಗುಡ್ಡ ಹತ್ತಬಹುದಾ?”

“ಹತ್ತಬಹುದು,” ಎಂದ ದೊಡ್ಡಳಿಯ.

ಅತ್ತೆ ಅವನನ್ನು ನೋಡಲಿಲ್ಲ. ಸಣ್ಣಳಿಯನತ್ತ ತಿರುಗಿ ನಿಂತಳು. ಅವನು ಮುಜುಗರದಿಂದ ಒಮ್ಮೆ ದೊಡ್ಡಳಿಯನ ಮುಖ ನೋಡಿ, ಬಾನೆಟ್ಟಿನೊಳಕ್ಕೆ ಬಗ್ಗಿ ತಂತಿಯುದ್ದಕ್ಕೂ ಬೆರಳು ಎಳೆದ. ಕೊಳವೆ ಹಿಡಿದು ಜಗ್ಗಿದ, ಕಟ್ಟು ಅಲುಗಾಡಿಸಿದ. ಇಷ್ಟು ವರ್ಷಗಳ ಕಸುಬಿನಲ್ಲಿ ದೊಡ್ಡಳಿಯನ ಕೆಲಸವನ್ನು ಇನ್ನೊಬ್ಬರು ಹೀಗೆ ಪರೀಕ್ಷಿಸಿದ್ದು ಇದೇ ಮೊದಲು. ಅವನು ಕೈ ಕಟ್ಟಿ ನಿಂತಿದ್ದ.

“ಹತ್ತಬಹುದು ಅತ್ತೆ, ನನ್ನ ಜವಾಬ್ದಾರಿ,” ಎಂದ ಸಣ್ಣಳಿಯ. “ನಾನೇ ಸುತ್ತಿದ್ರೂ ಇಷ್ಟು ಚೆನ್ನಾಗಿ ಬರ್ತಿರಲಿಲ್ಲ.”

ಅತ್ತೆ ಆ ಮಾತಿನ ಮೇಲೆ ಗಾಡಿ ಹತ್ತಿದಳು. ಎಂಜಿನ್ ಮೊದಲ ಹೊಡೆತಕ್ಕೇ ಎದ್ದಿತು. ಬೀದಿಯ ಕೊನೆಯಲ್ಲಿ ತಿರುಗಿ, ಏರು ರಸ್ತೆಯಲ್ಲಿ ಅದರ ಸದ್ದು ಒಂದೇ ಸಮನೆ ಮೇಲಕ್ಕೆ ಹೋಯಿತು. ಎಲ್ಲಿಯೂ ತಡವರಿಸಲಿಲ್ಲ. ಮಾಡಿದ ಕೆಲಸ ದೊಡ್ಡಳಿಯನದು. ಅದಕ್ಕೆ ಹೊಣೆ ನಿಂತ ಬಾಯಿ ಇನ್ನೊಬ್ಬನದು.

“ಅಣ್ಣ,” ಎಂದ ಸಣ್ಣಳಿಯ. “ನಂಗೇನೂ ಕೋಪ ಇಲ್ಲ.”

“ಇರಬೇಕಾಗಿತ್ತು.”

“ಯಾಕೆ?”

ದೊಡ್ಡಳಿಯ ತನ್ನ ಮಸಿ ಹಿಡಿದ ಕೈಗಳನ್ನು ನೋಡಿಕೊಂಡ. ಕೋಪವಿದ್ದಿದ್ದರೆ ಇಬ್ಬರೂ ಸಮ ಆಗುತ್ತಿದ್ದರು. ಅವನು ನಲ್ಲಿಯ ಬಳಿ ಹೋಗಿ, ಕಪ್ಪು ಬಿಡುವವರೆಗೆ ಕೈ ತೊಳೆದ. ತಿರುಗಿ ನೋಡಿದಾಗ ಸಣ್ಣಳಿಯ ನೆಲದ ಮೇಲೆ ಕೂತು, ದೊಡ್ಡಳಿಯನ ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ, ಅಳತೆಯ ಕ್ರಮದಲ್ಲಿ ಚೀಲದ ಖಾನೆಗಳಿಗೆ ಸೇರಿಸುತ್ತಿದ್ದ. ದೊಡ್ಡಳಿಯ ಹತ್ತಿರ ಬಂದು ಬಗ್ಗಿ, ಯಾವುದಾದರೂ ಒಂದು ತಪ್ಪು ಖಾನೆಗೆ ಹೋಗಿದೆಯೇ ಎಂದು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಒಂದೂ ಹೋಗಿರಲಿಲ್ಲ.